ಕಾರಿನ ನ್ಯಾವಿಗೇಷನ್ ಅಪ್‌ಡೇಟ್ ಅರ್ಧಕ್ಕೆ ನಿಂತರೆ ಏನು ಮಾಡಬೇಕು?

ಕಾರಿನ ಜೊತೆಗೇ ಬಂದ ನ್ಯಾವಿಗೇಷನ್ ಅಪ್‌ಡೇಟ್ ಮಾಡಲು ಹೋಗಿ ಸುಸ್ತಾದವರು ಬಹಳ ಜನ ಇದ್ದಾರೆ. ಪೆನ್‌ಡ್ರೈವ್ ಹಾಕಿದರೆ ಸ್ಕ್ರೀನ್ ಗುರುತೇ ಹಿಡಿಯುವುದಿಲ್ಲ. ಹಿಡಿದರೂ ಅರ್ಧಕ್ಕೆ ನಿಲ್ಲುತ್ತದೆ. ಎಲ್ಲ ಮುಗಿಯಿತು ಅಂದುಕೊಂಡರೆ ಹೊಸ ರಸ್ತೆ ಮ್ಯಾಪ್‌ನಲ್ಲಿ ಕಾಣಿಸುವುದೇ ಇಲ್ಲ. ಇದರಲ್ಲಿ ಹೆಚ್ಚಿನವು ಕಾರಿನ ತೊಂದರೆ ಅಲ್ಲ. ಮನೆಯಲ್ಲಿ ಕಂಪ್ಯೂಟರ್ ಮುಂದೆ ಕೂತು ಪೆನ್‌ಡ್ರೈವ್ ತಯಾರು ಮಾಡುವಾಗಲೇ ಎಡವಟ್ಟಾಗಿರುತ್ತದೆ, ಗೊತ್ತಾಗುವುದು ಮಾತ್ರ ಕಾರಿನಲ್ಲಿ ಕೂತ ಮೇಲೆ. ಅದಕ್ಕೇ ಇಲ್ಲಿ ಜಾಸ್ತಿ ಜಾಗ ಪೆನ್‌ಡ್ರೈವ್‌ಗೇ ಕೊಟ್ಟಿದ್ದೇನೆ.

ಫೋನಲ್ಲೇ ಗೂಗಲ್ ಮ್ಯಾಪ್ ಇರುವಾಗ ಇಷ್ಟೆಲ್ಲ ಯಾಕೆ ಅಂತ ನೀವು ಕೇಳಬಹುದು. ಬೆಂಗಳೂರಿನ ಒಳಗೆ ಓಡಾಡುವವರಿಗೆ ನಿಜಕ್ಕೂ ಬೇಡ. ಆದರೆ ಶಿರಾಡಿ, ಚಾರ್ಮಾಡಿ, ಆಗುಂಬೆ ಘಾಟಿ ಇಳಿಯುವಾಗ ಹಲವು ಕಡೆ ನೆಟ್‌ವರ್ಕ್ ಇರುವುದಿಲ್ಲ. ಮಳೆಗಾಲದಲ್ಲಿ ಒಂದು ರಸ್ತೆ ಬಂದ್ ಆಗಿ, ಇನ್ನೊಂದು ದಾರಿ ಹುಡುಕಬೇಕಾದ ಹೊತ್ತಿಗೆ ಫೋನು ಸುಮ್ನೆ ಚಕ್ರ ತಿರುಗಿಸುತ್ತಾ ಕೂರುತ್ತದೆ. ಕಾರಿನ ಸ್ವಂತ ಮ್ಯಾಪ್ ಯೂನಿಟ್ (ಡ್ಯಾಶ್‌ಬೋರ್ಡ್‌ನ ಸ್ಕ್ರೀನ್ ಪೆಟ್ಟಿಗೆ) ಒಳಗೇ ಇರುತ್ತದೆ, ಉಪಗ್ರಹದ ಸಿಗ್ನಲ್ ಒಂದು ಸಿಕ್ಕರೆ ಸಾಕು. ಆದರೆ ಆ ಮ್ಯಾಪ್ ಹಳೆಯದಾಗಿದ್ದರೆ ಇದ್ದೂ ಪ್ರಯೋಜನ ಇಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯನ್ನೇ ತಗೊಳ್ಳಿ. ಅದರ ಉದ್ಘಾಟನೆ ಆಗಿದ್ದು 2023ರ ಮಾರ್ಚ್ 12ರಂದು. ಅದಕ್ಕಿಂತ ತುಂಬಾ ಹಿಂದಿನ ಮ್ಯಾಪ್ ಇರುವ ಕಾರಿಗೆ ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯದ ಬೈಪಾಸ್‌ಗಳು ಗೊತ್ತೇ ಇಲ್ಲ. ನೀವು ಬೈಪಾಸ್‌ನಲ್ಲಿ ಹೋಗುತ್ತಿದ್ದರೆ ಸ್ಕ್ರೀನ್‌ನಲ್ಲಿ ಬಾಣದ ಗುರುತು ಗದ್ದೆ ಮಧ್ಯೆ ತೇಲುತ್ತಿರುತ್ತದೆ, ಎರಡು ನಿಮಿಷಕ್ಕೊಮ್ಮೆ "ಯೂ ಟರ್ನ್ ತಗೊಳ್ಳಿ" ಅನ್ನುತ್ತದೆ. ವೇಗದ ರಸ್ತೆಯಲ್ಲಿ ಇಂಥ ಮಾತು ಕೇಳಿ ಗೊಂದಲಕ್ಕೆ ಬೀಳುವುದು ಅಪಾಯ.

ಮೊದಲು ನಿಮ್ಮ ಕಾರಲ್ಲಿ ಇರುವುದು ಏನು ಅಂತ ನೋಡಿ

ಫೋನ್ ಕೇಬಲ್ ಬಿಚ್ಚಿ, ಬ್ಲೂಟೂತ್ ಆಫ್ ಮಾಡಿ, ಸ್ಕ್ರೀನ್‌ನಲ್ಲಿ ನ್ಯಾವಿಗೇಷನ್ ಒತ್ತಿ. ಮ್ಯಾಪ್ ತೆರೆದುಕೊಂಡರೆ ಕಾರಿನಲ್ಲಿ ಸ್ವಂತ ಮ್ಯಾಪ್ ಇದೆ. ಫೋನ್ ಜೋಡಿಸಿ ಅಂದರೆ ಇಲ್ಲ. ಆಂಡ್ರಾಯ್ಡ್ ಆಟೋ, ಕಾರ್‌ಪ್ಲೇ ಮೂಲಕ ಕಾಣುವುದು ಫೋನಿನ ಮ್ಯಾಪ್, ಅದಕ್ಕೆ ಕಾರಿನಲ್ಲಿ ಮಾಡುವ ಅಪ್‌ಡೇಟ್ ಏನೂ ಇಲ್ಲ. ಇಷ್ಟು ನೋಡಿಕೊಳ್ಳದೆ ಪೆನ್‌ಡ್ರೈವ್ ಖರೀದಿಗೆ ಹೊರಡಬೇಡಿ.

ಸ್ವಂತ ಮ್ಯಾಪ್ ಇದ್ದರೆ ಅದು ಯೂನಿಟ್ ಒಳಗೇ ಇರಬಹುದು, ಅಥವಾ ಎಸ್‌ಡಿ ಕಾರ್ಡ್‌ನಲ್ಲಿ ಇರಬಹುದು. 2015ರ ನಂತರ ಬಂದ ಮಾರುತಿಯ ಎಸ್-ಕ್ರಾಸ್, ಬಲೆನೊ ಥರದ ಕಾರುಗಳ ಮೇಲಿನ ಮಾದರಿಗಳಲ್ಲಿ ಮ್ಯಾಪ್ ಇದ್ದದ್ದು ಎಸ್‌ಡಿ ಕಾರ್ಡ್‌ನಲ್ಲಿ. ಹ್ಯುಂಡೈ, ಕಿಯಾದ ಈಚಿನ ದೊಡ್ಡ ಸ್ಕ್ರೀನ್‌ಗಳಲ್ಲಿ ಮ್ಯಾಪ್ ಯೂನಿಟ್ ಒಳಗೆ ಕೂತಿರುತ್ತದೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೋ ನಿಮ್ಮೂರಿನ ಆಕ್ಸೆಸರಿ ಅಂಗಡಿಯಲ್ಲೋ ಆಮೇಲೆ ಹಾಕಿಸಿದ ಆಂಡ್ರಾಯ್ಡ್ ಸ್ಟೀರಿಯೋ ಆಗಿದ್ದರೆ ಕಥೆಯೇ ಬೇರೆ. ಅಲ್ಲಿ ನ್ಯಾವಿಗೇಷನ್ ಅಂದರೆ ಒಂದು ಆಪ್ ಅಷ್ಟೇ. ಜಾಗ ಖಾಲಿ ಮಾಡಿ, ವೈಫೈಗೆ ಜೋಡಿಸಿ, ಆಪ್ ಅಪ್‌ಡೇಟ್ ಮಾಡಿ, ಆಫ್‌ಲೈನ್ ಮ್ಯಾಪ್ ಇಳಿಸಿಕೊಂಡರೆ ಮುಗಿಯಿತು.

ಈಗ ಸೆಟ್ಟಿಂಗ್ಸ್ ಒಳಗೆ ಹೋಗಿ ಸಿಸ್ಟಮ್ ಮಾಹಿತಿ ಅಥವಾ ವರ್ಷನ್ ಮಾಹಿತಿ ಅನ್ನುವ ಪುಟ ಹುಡುಕಿ. ಅಲ್ಲಿ ಸಾಮಾನ್ಯವಾಗಿ ಎರಡು ವರ್ಷನ್ ಇರುತ್ತವೆ, ಒಂದು ಯೂನಿಟ್‌ನ ಸಾಫ್ಟ್‌ವೇರ್‌ದು, ಇನ್ನೊಂದು ಮ್ಯಾಪ್‌ದು. ಎರಡೂ ಬೇರೆ ಬೇರೆ. ಸಾಫ್ಟ್‌ವೇರ್ ಹೊಸದಾಗಿ, ಮ್ಯಾಪ್ ಹಳೆಯದೇ ಉಳಿಯುವುದು ಸಾಮಾನ್ಯ. "ಅಪ್‌ಡೇಟ್ ಮಾಡಿದೆ, ಆದರೂ ಹೊಸ ರಸ್ತೆ ಬಂದಿಲ್ಲ" ಅನ್ನುವ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ. ಆ ಪುಟದ ಫೋಟೋ ತೆಗೆದುಕೊಳ್ಳಿ. ಉದ್ದನೆಯ ವರ್ಷನ್ ಸಂಖ್ಯೆ ಪೂರ್ತಿ ಕಾಣಬೇಕು, ಅದರಲ್ಲಿ ಮಾದರಿ, ದೇಶ ಸೂಚಿಸುವ ಅಕ್ಷರಗಳೂ ಸೇರಿರುತ್ತವೆ. ಜೊತೆಗೆ ಆರ್‌ಸಿಯಲ್ಲಿರುವ ಚಾಸಿ ನಂಬರನ್ನೂ ಕೈಯಲ್ಲಿ ಇಟ್ಟುಕೊಳ್ಳಿ. ಒಂದೇ ಹೆಸರಿನ ಕಾರಿನಲ್ಲಿ ವರ್ಷಕ್ಕೆ, ವೇರಿಯಂಟ್‌ಗೆ ತಕ್ಕ ಹಾಗೆ ಯೂನಿಟ್ ಬದಲಾಗಿರುತ್ತದೆ. ಪಕ್ಕದ ಮನೆಯವರ ಕಾರಿಗೆ ಹೊಂದಿದ ಫೈಲ್ ನಿಮ್ಮದಕ್ಕೆ ಹೊಂದಬೇಕು ಅಂತೇನೂ ಇಲ್ಲ.

ಅದೇ ಹೊತ್ತಿಗೆ ಇನ್ನೊಂದು ಕೆಲಸ ಮಾಡಿಬಿಡಿ. ನೀವು ಉಳಿಸಿಟ್ಟ ಜಾಗಗಳ ಪಟ್ಟಿಯ ಫೋಟೋ ತೆಗೆಯಿರಿ. ಮನೆ, ಊರು, ತೋಟ, ಮಗಳ ಹಾಸ್ಟೆಲ್, ಹೀಗೆ ಏನೇನು ಇದೆಯೋ ಎಲ್ಲ. ಅಪ್‌ಡೇಟ್ ಆದ ಮೇಲೆ ಇವು ಅಳಿಸಿಹೋಗುವುದು ಉಂಟು. ಊರಿನ ತೋಟದ ಮನೆಗೆ ವಿಳಾಸ ಅಂತ ಒಂದು ಇರುವುದಿಲ್ಲ, ಮ್ಯಾಪ್‌ನಲ್ಲಿ ಬೆರಳಿಟ್ಟು ಗುರುತು ಮಾಡಿದ್ದೇ ವಿಳಾಸ. ಅದು ಹೋದರೆ ಬೇಜಾರು ದೊಡ್ಡದು.

ಫೈಲ್ ಎಲ್ಲಿಂದ ತರುವುದು?

ಕಾರು ಕಂಪನಿಯ ಅಧಿಕೃತ ಅಪ್‌ಡೇಟ್ ತಾಣ, ಅಥವಾ ಸರ್ವಿಸ್ ಸೆಂಟರ್. ಮೂರನೇ ದಾರಿ ಬೇಡ. ಹ್ಯುಂಡೈ, ಕಿಯಾ ಕಂಪ್ಯೂಟರ್‌ಗೆ ಹಾಕಿಕೊಳ್ಳುವ ನ್ಯಾವಿಗೇಷನ್ ಅಪ್‌ಡೇಟರ್ ಪ್ರೋಗ್ರಾಂ ಕೊಡುತ್ತವೆ. ದೇಶ, ಮಾದರಿ, ವರ್ಷ ಆರಿಸಿದರೆ ಅದೇ ಫೈಲ್ ಇಳಿಸಿ ಪೆನ್‌ಡ್ರೈವ್‌ಗೆ ಜೋಡಿಸಿಕೊಡುತ್ತದೆ, ನೀವು ಕೈಯಾರೆ ಕಾಪಿ ಮಾಡಲು ಹೋಗಬಾರದು. ಬೇರೆ ಕೆಲವು ಕಂಪನಿಗಳು ಗ್ರಾಹಕರಿಗೆ ಫೈಲ್ ಕೊಡುವುದೇ ಇಲ್ಲ, ಸರ್ವಿಸ್ ಸೆಂಟರ್‌ನಲ್ಲೇ ಹಾಕಿಸಬೇಕು. ಅಲ್ಲಿಗೆ ಹೋಗುವ ಮೊದಲು ಫೋನ್ ಮಾಡಿ ಮೂರು ವಿಷಯ ಕೇಳಿ: ನನ್ನ ಮಾದರಿಗೆ ಹೊಸ ಮ್ಯಾಪ್ ಬಂದಿದೆಯಾ, ಅದರ ವರ್ಷನ್ ಯಾವುದು, ದುಡ್ಡು ಎಷ್ಟು. ವರ್ಷನ್ ಕೇಳುವುದು ಮುಖ್ಯ, ಯಾಕೆಂದರೆ ನಿಮ್ಮಲ್ಲಿ ಇರುವುದನ್ನೇ ಮತ್ತೆ ಹಾಕಿ ಬಿಲ್ ಮಾಡಿದರೆ ಯಾರಿಗೆ ಬೇಕು ಅಲ್ವಾ?

ನಮ್ಮ ದೇಶದಲ್ಲಿ ಬಹಳಷ್ಟು ಕಾರುಗಳಿಗೆ ಮ್ಯಾಪ್ ಕೊಡುವುದು ಮ್ಯಾಪ್‌ಮೈಇಂಡಿಯಾ. 1995ರಲ್ಲಿ ಶುರುವಾದ ದೆಹಲಿಯ ಕಂಪನಿ, ಫೋನಿನಲ್ಲಿ ಮ್ಯಾಪಲ್ಸ್ ಹೆಸರಿನ ಆಪ್ ಇರುವುದು ಇವರದ್ದೇ. ಹೀಗಿದ್ದರೂ ಆಪ್‌ನಲ್ಲಿ ಕಾಣುವ ರಸ್ತೆ ಎಲ್ಲ ಕಾರಿನಲ್ಲಿ ಕಾಣಬೇಕು ಅಂತ ನಿರೀಕ್ಷೆ ಇಟ್ಟುಕೊಳ್ಳಬೇಡಿ. ಆಪ್‌ನ ಮ್ಯಾಪ್ ಇಂಟರ್ನೆಟ್‌ನಿಂದ ಬರುತ್ತದೆ. ಕಾರಿಗೆ ಹೋಗುವುದು ಒಂದು ದಿನಾಂಕದಲ್ಲಿ ನಿಲ್ಲಿಸಿ, ಆ ಯೂನಿಟ್‌ಗೆ ಹೊಂದಿಸಿ, ಕಾರು ಕಂಪನಿ ಪರೀಕ್ಷೆ ಮಾಡಿ ಬಿಟ್ಟ ಪ್ರತಿ. ಅದು ಯಾವಾಗಲೂ ಸ್ವಲ್ಪ ಹಿಂದೆಯೇ ಇರುತ್ತದೆ.

ಟೆಲಿಗ್ರಾಂ, ವಾಟ್ಸ್‌ಆಪ್ ಗುಂಪುಗಳಲ್ಲಿ ಹರಿದಾಡುವ "ಅನ್‌ಲಾಕ್ ಮಾಡಿದ" ಮ್ಯಾಪ್ ಫೈಲ್‌ಗಳನ್ನು ದಯವಿಟ್ಟು ಮುಟ್ಟಬೇಡಿ. ಬೇರೆ ದೇಶದ ಸಾಫ್ಟ್‌ವೇರ್ ಒಳಗೆ ಹೋದರೆ ರೇಡಿಯೋ, ರಿವರ್ಸ್ ಕ್ಯಾಮೆರಾ, ಸ್ಟೀರಿಂಗ್ ಮೇಲಿನ ಬಟನ್ ಕೂಡ ಕೈಕೊಡಬಹುದು. ಈಗಿನ ಎಷ್ಟೋ ಕಾರುಗಳಲ್ಲಿ ಎಸಿ ನಿಯಂತ್ರಣವೂ ಅದೇ ಸ್ಕ್ರೀನ್‌ನಲ್ಲಿ ಇರುತ್ತದೆ. ವಾರಂಟಿಯೂ ಹೋಗಬಹುದು. ಯೂನಿಟ್ ಪೂರ್ತಿ ಬದಲಾಯಿಸುವ ಖರ್ಚು ನೋಡಿದರೆ ಅಧಿಕೃತ ಮ್ಯಾಪ್‌ನ ಬೆಲೆ ಏನೂ ಅಲ್ಲ ಅನಿಸುತ್ತದೆ.

ಡೌನ್‌ಲೋಡ್ ಹಂತದಲ್ಲೇ ಆಗುವ ತೊಂದರೆ

ಫೈಲ್ ಹಲವು ಜಿಬಿ ಇರುತ್ತದೆ, ಕೆಲವು ಮಾದರಿಗಳಿಗೆ ಹತ್ತು ಹದಿನೈದು ಜಿಬಿ ದಾಟುತ್ತದೆ. ಮೊಬೈಲ್ ಹಾಟ್‌ಸ್ಪಾಟ್‌ನಲ್ಲಿ ಇಳಿಸಲು ಹೋದರೆ ದಿನದ 1.5 ಅಥವಾ 2 ಜಿಬಿ ಮುಗಿದ ತಕ್ಷಣ ವೇಗ ಬಿದ್ದುಹೋಗುತ್ತದೆ, ಡೌನ್‌ಲೋಡ್ ಅಲ್ಲೇ ಕಟ್. ಮನೆಯ ಫೈಬರ್ ಅಥವಾ ಆಫೀಸಿನ ಇಂಟರ್ನೆಟ್ ಇದ್ದರೆ ಅದನ್ನೇ ಬಳಸಿ. ಲ್ಯಾಪ್‌ಟಾಪ್‌ಗೆ ಚಾರ್ಜರ್ ಹಾಕಿ, ನಿದ್ದೆಗೆ ಹೋಗದ ಹಾಗೆ ಪವರ್ ಸೆಟ್ಟಿಂಗ್ ಬದಲಾಯಿಸಿ. ಡಿಸ್ಕ್‌ನಲ್ಲಿ ಫೈಲ್‌ನ ಎರಡರಷ್ಟು ಜಾಗ ಖಾಲಿ ಇರಬೇಕು, ಜಿಪ್ ಫೈಲ್ ಒಂದು ಕಡೆ, ಬಿಚ್ಚಿದ್ದು ಇನ್ನೊಂದು ಕಡೆ ಕೂರಬೇಕಲ್ಲ. ಇಳಿದ ಮೇಲೆ ತಾಣದಲ್ಲಿ ಹೇಳಿದ ಗಾತ್ರಕ್ಕೂ ನಿಮ್ಮ ಫೈಲ್‌ನ ಗಾತ್ರಕ್ಕೂ ತಾಳೆ ನೋಡಿ. ಕಡಿಮೆ ಇದ್ದರೆ ಅದು ಅರ್ಧ ಇಳಿದ ಫೈಲ್. ಅದನ್ನು ಅಳಿಸಿ ಮತ್ತೆ ಇಳಿಸಿ, "ನೋಡೋಣ" ಅಂತ ಕಾರಿಗೆ ಹಾಕಬೇಡಿ.

ಪೆನ್‌ಡ್ರೈವ್: ಎಲ್ಲ ಗಲಾಟೆಯ ಮೂಲ

ಒಂದು ಒಳ್ಳೆಯ ಕಂಪನಿಯ ಪೆನ್‌ಡ್ರೈವ್ ಇದಕ್ಕೆ ಅಂತಲೇ ಇಟ್ಟುಕೊಳ್ಳಿ. ಹಾಡು, ಮದುವೆ ಫೋಟೋ, ಆಫೀಸ್ ಫೈಲ್ ಎಲ್ಲ ತುಂಬಿರುವುದು ಬೇಡ. ಆನ್‌ಲೈನ್‌ನಲ್ಲಿ ತೀರಾ ಅಗ್ಗಕ್ಕೆ ಸಿಗುವ 128 ಜಿಬಿ, 256 ಜಿಬಿ ಡ್ರೈವ್‌ಗಳನ್ನು ನಂಬಬೇಡಿ. ಒಳಗೆ ನಿಜವಾಗಿ 8 ಜಿಬಿ ಇದ್ದು, ಕಂಪ್ಯೂಟರ್‌ಗೆ 128 ಅಂತ ತೋರಿಸುವ ನಕಲಿಗಳು ಬರುತ್ತವೆ. ಕಾಪಿ ಆಗುವಾಗ ಯಾವ ದೂರೂ ಇರುವುದಿಲ್ಲ, ಓದುವಾಗ ಫೈಲ್ ಹಾಳಾಗಿರುತ್ತದೆ. ಅನುಮಾನ ಇದ್ದರೆ ವಿಂಡೋಸ್‌ನಲ್ಲಿ ಎಚ್2ಟೆಸ್ಟ್‌ಡಬ್ಲ್ಯೂ, ಮ್ಯಾಕ್ ಅಥವಾ ಲಿನಕ್ಸ್‌ನಲ್ಲಿ ಎಫ್3 ಅನ್ನುವ ಉಚಿತ ಪ್ರೋಗ್ರಾಂ ಹಾಕಿ. ಡ್ರೈವ್ ತುಂಬಾ ಬರೆದು, ಮತ್ತೆ ಓದಿ, ನಿಜವಾದ ಜಾಗ ಎಷ್ಟು ಅಂತ ಹೇಳುತ್ತವೆ. ಸಮಯ ಹಿಡಿಯುತ್ತದೆ, ಆದರೆ ಆಮೇಲೆ ಕಾರಿನಲ್ಲಿ ತಲೆ ಕೆಡಿಸಿಕೊಳ್ಳುವುದು ತಪ್ಪುತ್ತದೆ.

ಆಮೇಲೆ ಫಾರ್ಮ್ಯಾಟ್, ಅಂದರೆ ಡ್ರೈವ್‌ನಲ್ಲಿ ಇರುವುದನ್ನೆಲ್ಲ ಅಳಿಸಿ, ಫೈಲ್ ಇಡುವ ವ್ಯವಸ್ಥೆಯನ್ನು ಹೊಸದಾಗಿ ಹಾಕುವುದು. ಇಲ್ಲಿ ಸ್ವಲ್ಪ ನಿಧಾನಕ್ಕೆ ಓದಿ. ವಿಂಡೋಸ್‌ನಲ್ಲಿ ಪೆನ್‌ಡ್ರೈವ್ ಮೇಲೆ ರೈಟ್ ಕ್ಲಿಕ್ ಮಾಡಿ ಫಾರ್ಮ್ಯಾಟ್ ಅಂದರೆ ಮೂರು ಹೆಸರು ಕಾಣುತ್ತವೆ: ಫ್ಯಾಟ್32, ಎಕ್ಸ್‌ಫ್ಯಾಟ್, ಎನ್‌ಟಿಎಫ್‌ಎಸ್. ಫ್ಯಾಟ್32 ಹಳೆಯದು, ಬಹುತೇಕ ಎಲ್ಲ ಕಾರಿಗೂ ಅರ್ಥವಾಗುತ್ತದೆ, ಆದರೆ ಅದರಲ್ಲಿ ಒಂದೇ ಫೈಲ್ 4 ಜಿಬಿ ಮುಟ್ಟುವ ಹಾಗಿಲ್ಲ. ಅಂಥ ಫೈಲ್ ಹಾಕಲು ಹೋದರೆ ಡ್ರೈವ್‌ನಲ್ಲಿ ಎಷ್ಟೇ ಜಾಗ ಇದ್ದರೂ ಫೈಲ್ ತುಂಬಾ ದೊಡ್ಡದು ಅಂತ ವಿಂಡೋಸ್ ತಡೆಯುತ್ತದೆ. ಎಕ್ಸ್‌ಫ್ಯಾಟ್ 2006ರಲ್ಲಿ ಬಂದದ್ದು, ಅದಕ್ಕೆ ಈ ಮಿತಿ ಇಲ್ಲ. ಹೊಸ ಯೂನಿಟ್‌ಗಳು ಸಾಮಾನ್ಯವಾಗಿ ಇದನ್ನು ಓದುತ್ತವೆ, ಹಳೆಯ ಎಷ್ಟೋ ಯೂನಿಟ್‌ಗಳು ಓದುವುದಿಲ್ಲ. ಎನ್‌ಟಿಎಫ್‌ಎಸ್ ಕಂಪ್ಯೂಟರ್ ಡಿಸ್ಕ್‌ಗೆ ಅಂತ ಇರುವುದು, ಕಂಪನಿಯೇ ಹೇಳದಿದ್ದರೆ ಕಾರಿಗೆ ಬೇಡ.

ಹಾಗಾದರೆ ಯಾವುದನ್ನು ಆರಿಸಬೇಕು? ಕಂಪನಿಯ ಸೂಚನೆಯಲ್ಲಿ ಏನು ಬರೆದಿದೆಯೋ ಅದನ್ನೇ. ಏನೂ ಬರೆದಿಲ್ಲದಿದ್ದರೆ ಇಳಿಸಿದ ಫೋಲ್ಡರ್ ತೆರೆದು, ಅತಿ ದೊಡ್ಡ ಫೈಲ್ ಎಷ್ಟಿದೆ ನೋಡಿ. 4 ಜಿಬಿಗಿಂತ ಕಡಿಮೆ ಇದ್ದರೆ ಫ್ಯಾಟ್32, ಜಾಸ್ತಿ ಇದ್ದರೆ ಎಕ್ಸ್‌ಫ್ಯಾಟ್. 64 ಜಿಬಿ ಡ್ರೈವ್ ಹಾಕಿದಾಗ ಫ್ಯಾಟ್32 ಅನ್ನುವ ಆಯ್ಕೆಯೇ ಕಾಣುತ್ತಿಲ್ಲ ಅಂದರೆ ಗಾಬರಿ ಬೇಡ. ವಿಂಡೋಸ್‌ನ ಆ ಕಿಟಕಿ 32 ಜಿಬಿಗಿಂತ ದೊಡ್ಡ ಡ್ರೈವ್‌ಗೆ ಫ್ಯಾಟ್32 ಕೊಡುತ್ತಿರಲಿಲ್ಲ, ಅಷ್ಟೇ. ಫೈಲ್ ಹಿಡಿಯುವುದಾದರೆ 32 ಜಿಬಿಯ ಡ್ರೈವ್ ತಂದು ಬಿಡಿ, ಸುಲಭ.

ಇನ್ನೊಂದು ಕಾಣದ ತೊಂದರೆ ಇದೆ. ಆ ಪೆನ್‌ಡ್ರೈವ್ ಹಿಂದೆ ಯಾವಾಗಲೋ ವಿಂಡೋಸ್ ಹಾಕಲು ಬೂಟ್ ಡ್ರೈವ್ ಆಗಿತ್ತು ಅಂದುಕೊಳ್ಳಿ. ಆಗ ಅದರಲ್ಲಿ ಎರಡು ಮೂರು ಪಾರ್ಟಿಷನ್, ಅಂದರೆ ಡ್ರೈವ್ ಒಳಗೆ ಮಾಡಿದ ಬೇರೆ ಬೇರೆ ಭಾಗಗಳು, ಉಳಿದಿರಬಹುದು. ಕಾರು ಮೊದಲನೆಯದನ್ನು ಮಾತ್ರ ನೋಡಿ, ಏನೂ ಇಲ್ಲ ಅನ್ನುತ್ತದೆ. ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು, ಪೆನ್‌ಡ್ರೈವ್‌ನ ಪಾರ್ಟಿಷನ್ ಎಲ್ಲ ಅಳಿಸಿ, ಒಂದೇ ಮಾಡಿ, ಆಮೇಲೆ ಫಾರ್ಮ್ಯಾಟ್ ಮಾಡಿ. ಅಳಿಸುವ ಮುಂಚೆ ಅದು ಪೆನ್‌ಡ್ರೈವೇ ಹೌದಾ ಅಂತ ಗಾತ್ರ ನೋಡಿ ಖಚಿತ ಮಾಡಿಕೊಳ್ಳಿ. ಲ್ಯಾಪ್‌ಟಾಪ್‌ನ ಡಿಸ್ಕ್ ಕೂಡ ಅದೇ ಪಟ್ಟಿಯಲ್ಲಿ ಇರುತ್ತದೆ.

ಕೈಯಾರೆ ಕಾಪಿ ಮಾಡಬೇಕಾದ ಕಾರಾದರೆ ಜಿಪ್ ಫೈಲನ್ನು ಮೊದಲು ಕಂಪ್ಯೂಟರ್‌ನಲ್ಲೇ ಬಿಚ್ಚಿ. ಬಿಚ್ಚಿದಾಗ ಒಂದು ಫೋಲ್ಡರ್ ಒಳಗೆ ಅದೇ ಹೆಸರಿನ ಇನ್ನೊಂದು ಫೋಲ್ಡರ್ ಹುಟ್ಟಿಕೊಳ್ಳುವುದುಂಟು. ಕಾರಿಗೆ ಬೇಕಿರುವುದು ಒಳಗಿನದ್ದು. ಪೆನ್‌ಡ್ರೈವ್ ತೆರೆದ ತಕ್ಷಣ, ಮತ್ತೊಂದು ಫೋಲ್ಡರ್ ಒಳಗೆ ಹೋಗದೆ, ಸೂಚನೆಯಲ್ಲಿ ಹೇಳಿದ ಫೈಲ್‌ಗಳು ಎದುರಿಗೇ ಕಾಣಬೇಕು. ಫೈಲ್‌ನ ಹೆಸರು ಬದಲಾಯಿಸಬಾರದು. ಎರಡು ಸಲ ಡೌನ್‌ಲೋಡ್ ಮಾಡಿದರೆ ಹೆಸರಿನ ಕೊನೆಗೆ ಬ್ರಾಕೆಟ್‌ನಲ್ಲಿ 1 ಅಂತ ಸೇರಿಕೊಳ್ಳುತ್ತದೆ, ಅಷ್ಟಕ್ಕೇ ಕಾರು ಫೈಲನ್ನು ಗುರುತಿಸದೆ ಹೋಗಬಹುದು. ಮ್ಯಾಕ್ ಬಳಸುವವರು ಇನ್ನೂ ಒಂದು ಗಮನಿಸಬೇಕು. ಅದು ಪೆನ್‌ಡ್ರೈವ್‌ನಲ್ಲಿ ಚುಕ್ಕಿಯಿಂದ ಶುರುವಾಗುವ ಅಡಗಿದ ಫೈಲ್‌ಗಳನ್ನು ತಾನೇ ಬರೆಯುತ್ತದೆ, ಕೆಲವು ಯೂನಿಟ್‌ಗಳು ಅವನ್ನು ನೋಡಿ ಗೊಂದಲಕ್ಕೆ ಬೀಳುತ್ತವೆ. ಸಾಧ್ಯವಾದರೆ ಈ ಒಂದು ಕೆಲಸಕ್ಕೆ ವಿಂಡೋಸ್ ಕಂಪ್ಯೂಟರ್ ಹುಡುಕಿ.

ಕಾಪಿ ನಿಧಾನ ಆಗುತ್ತದೆ. ಪೆನ್‌ಡ್ರೈವ್ ಸೆಕೆಂಡಿಗೆ 10 ಎಂಬಿ ಬರೆಯುತ್ತಿದೆ ಅಂದರೆ 20 ಜಿಬಿಗೆ ಅರ್ಧ ಗಂಟೆಗಿಂತ ಜಾಸ್ತಿ ಬೇಕು. ಪರದೆಯಲ್ಲಿ ನೂರು ಶೇಕಡಾ ಅಂತ ಬಂದ ಮೇಲೂ ತಕ್ಷಣ ಎಳೆಯಬೇಡಿ, ಹಿಂದೆ ಇನ್ನೂ ಬರೆಯುತ್ತಿರಬಹುದು. ಎಜೆಕ್ಟ್ ಒತ್ತಿ, ತೆಗೆಯಬಹುದು ಅಂತ ಹೇಳಿದ ಮೇಲೆಯೇ ತೆಗೆಯಿರಿ. ಅವಸರದಲ್ಲಿ ಎಳೆದ ಪೆನ್‌ಡ್ರೈವ್‌ನ ಕೊನೆಯ ಫೈಲ್ ಹಾಳಾಗಿ, ಅದು ಅಪ್‌ಡೇಟ್‌ನ ಕೊನೆಗೆ ಗೊತ್ತಾಗುವುದು ತುಂಬಾ ನೋವಿನ ವಿಷಯ.

ಕಾರಿನಲ್ಲಿ

ಸಮಯ ಇಟ್ಟುಕೊಂಡು ಕೂರಿ. ಅರ್ಧ ಗಂಟೆಯಿಂದ ಒಂದು ಗಂಟೆ ಅಂತ ಇಟ್ಟುಕೊಳ್ಳಿ, ಕೆಲವು ಯೂನಿಟ್‌ಗಳಿಗೆ ಇನ್ನೂ ಜಾಸ್ತಿ ಬೇಕು. ಎಲ್ಲಿಗೋ ಹೊರಡುವ ಹದಿನೈದು ನಿಮಿಷ ಮೊದಲು ಶುರು ಮಾಡಬೇಡಿ.

ಕಂಪನಿಯ ಸೂಚನೆ ಸಾಮಾನ್ಯವಾಗಿ ಎಂಜಿನ್ ಚಾಲೂ ಇಟ್ಟು ಮಾಡಿ ಅನ್ನುತ್ತದೆ. ಬರೀ ಕೀ ತಿರುಗಿಸಿ ಕೂತರೆ ಬ್ಯಾಟರಿ ಇಳಿಯುತ್ತದೆ, ವೋಲ್ಟೇಜ್ ಬಿದ್ದರೆ ಸ್ಕ್ರೀನ್ ಆಫ್ ಆಗಿ ಅರ್ಧ ಬರೆದ ಸಾಫ್ಟ್‌ವೇರ್ ಉಳಿಯುತ್ತದೆ. ಮೂರು ನಾಲ್ಕು ವರ್ಷದ ಹಳೆಯ ಬ್ಯಾಟರಿ ಇದ್ದರಂತೂ ಎಂಜಿನ್ ಇಲ್ಲದೆ ಮಾಡಲೇಬೇಡಿ. ಆದರೆ ಇದನ್ನು ಬಯಲಲ್ಲೇ ಮಾಡಿ. ಮುಚ್ಚಿದ ಗ್ಯಾರೇಜ್, ಅಪಾರ್ಟ್‌ಮೆಂಟ್‌ನ ಬೇಸ್‌ಮೆಂಟ್‌ನಲ್ಲಿ ಎಂಜಿನ್ ಹಾಕಿಕೊಂಡು ಒಳಗೆ ಕೂರಬಾರದು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆ ಇಲ್ಲ, ಅದು ಜೀವ ತೆಗೆಯುತ್ತದೆ. ಇದನ್ನು ಮನೆಯವರಿಗೂ ಹೇಳಿ.

ಬೆಳಿಗ್ಗೆ ಹೊತ್ತು ಒಳ್ಳೆಯದು. ರಾಯಚೂರು, ಕಲಬುರಗಿ ಕಡೆ ಏಪ್ರಿಲ್ ಮಧ್ಯಾಹ್ನ ಬಿಸಿಲಿಗೆ ನಿಂತ ಕಾರಿನ ಡ್ಯಾಶ್‌ಬೋರ್ಡ್ ಮುಟ್ಟಲು ಆಗುವುದಿಲ್ಲ. ಅಷ್ಟು ಬಿಸಿಯಾದ ಯೂನಿಟ್‌ಗೆ ಗಂಟೆಗಟ್ಟಲೆ ಬರೆಯುವ ಕೆಲಸ ಕೊಟ್ಟರೆ ಅದು ಮಧ್ಯೆ ನಿಂತರೆ ಆಶ್ಚರ್ಯ ಇಲ್ಲ.

ಸಿಗ್ನಲ್‌ನಲ್ಲಿ ಎಂಜಿನ್ ತಾನೇ ನಿಲ್ಲುವ ಸೌಲಭ್ಯ ಇದ್ದರೆ ಬಟನ್ ಒತ್ತಿ ಆಫ್ ಮಾಡಿ. ಹೆಡ್‌ಲೈಟ್ ಬೇಡ. ಫೋನಿನ ಕೇಬಲ್ ತೆಗೆಯಿರಿ, ಮಧ್ಯದಲ್ಲಿ ಆಂಡ್ರಾಯ್ಡ್ ಆಟೋ ಶುರುವಾಗುವುದು ಬೇಡ. ಪೆನ್‌ಡ್ರೈವನ್ನು ಮುಂದಿನ ಡೇಟಾ ಪೋರ್ಟ್‌ಗೆ ಹಾಕಿ. ಕಾರಿನಲ್ಲಿ ಎರಡು ಮೂರು ಯುಎಸ್‌ಬಿ ಇದ್ದರೂ ಹಿಂದಿನ ಸೀಟಿನದು ಸಾಮಾನ್ಯವಾಗಿ ಚಾರ್ಜ್‌ಗೆ ಮಾತ್ರ. ಹಾಡು ಕೇಳಲು ಯಾವ ಪೋರ್ಟ್ ಬಳಸುತ್ತೀರೋ ಅದೇ ಸರಿ.

ನಡೆಯುತ್ತಿರುವಾಗ ಸ್ಕ್ರೀನ್ ತಾನೇ ಆಫ್ ಆಗಿ ಮತ್ತೆ ಬರುವುದು, ಕಂಪನಿಯ ಲೋಗೋ ಕಾಣುವುದು ಸಹಜ. ಆಗ ಕೈ ಹಾಕಬೇಡಿ. ಅಪ್‌ಡೇಟ್ ಆಗುವಾಗ ಗಾಡಿ ಓಡಿಸಬಹುದು ಅಂತ ಕೆಲವು ಕಂಪನಿ ಹೇಳಿದರೂ ನನ್ನ ಸಲಹೆ, ನಿಲ್ಲಿಸಿಯೇ ಮಾಡಿ. ಆ ಹೊತ್ತಿನಲ್ಲಿ ರಿವರ್ಸ್ ಕ್ಯಾಮೆರಾ ಬರದೇ ಇರಬಹುದು, ಹಿಂದೆ ಮಕ್ಕಳು ಆಡುತ್ತಿದ್ದರೆ ಕಾಣುವುದಿಲ್ಲ.

ನಿಂತುಹೋಯಿತು, ಈಗ?

ಎಲ್ಲಿ ನಿಂತಿತು ಅನ್ನುವುದೇ ಉತ್ತರ ಹೇಳುತ್ತದೆ. ಫೋಟೋ ತೆಗೆದು ಶೇಕಡಾ ಎಷ್ಟು, ಯಾವ ಸಂದೇಶ ಅಂತ ಬರೆದುಕೊಳ್ಳಿ.

ಪೆನ್‌ಡ್ರೈವ್ ಗುರುತೇ ಸಿಗದಿದ್ದರೆ ಅದೇ ಪೋರ್ಟ್‌ಗೆ ಒಂದು ಹಾಡಿನ ಪೆನ್‌ಡ್ರೈವ್ ಹಾಕಿ ನೋಡಿ. ಹಾಡು ಬಂದರೆ ಪೋರ್ಟ್ ಸರಿ ಇದೆ, ನಿಮ್ಮ ಡ್ರೈವ್‌ನ ಫಾರ್ಮ್ಯಾಟ್ ಅಥವಾ ಪಾರ್ಟಿಷನ್ ತಪ್ಪಾಗಿದೆ. ಹಳೆಯ ಯೂನಿಟ್‌ಗಳು ಹೊಸ ಯುಎಸ್‌ಬಿ 3 ಡ್ರೈವ್ ಜೊತೆ ಹಠ ಮಾಡುವುದುಂಟು, ಹಳೆಯ ಯುಎಸ್‌ಬಿ 2 ಡ್ರೈವ್ ಸಿಕ್ಕರೆ ಅದನ್ನು ಪ್ರಯತ್ನಿಸಿ.

ಗುರುತು ಸಿಕ್ಕಿ "ಅಪ್‌ಡೇಟ್ ಫೈಲ್ ಇಲ್ಲ" ಅಂದರೆ ಫೋಲ್ಡರ್ ಒಳಗಿನ ಫೋಲ್ಡರ್ ಸಮಸ್ಯೆ, ಅಥವಾ ಬೇರೆ ಮಾದರಿಯ ಫೈಲ್, ಅಥವಾ ಕಾರಿನಲ್ಲಿ ಈಗಾಗಲೇ ಅದೇ ವರ್ಷನ್ ಇದೆ. ಮೊದಲು ತೆಗೆದ ಫೋಟೋ ಈಗ ಉಪಯೋಗಕ್ಕೆ ಬರುತ್ತದೆ.

ಮಧ್ಯೆ ನಿಂತರೆ ಇನ್ನೊಂದು ಸಲ ಮಾಡಿ ಗಮನಿಸಿ. ಪ್ರತಿ ಸಲವೂ ಒಂದೇ ಶೇಕಡಾದಲ್ಲಿ ನಿಲ್ಲುತ್ತಿದ್ದರೆ ಫೈಲ್ ಹಾಳಾಗಿದೆ ಅನ್ನುವುದೇ ಹೆಚ್ಚು ಸಾಧ್ಯ. ಪೆನ್‌ಡ್ರೈವ್ ಮತ್ತೆ ಫಾರ್ಮ್ಯಾಟ್ ಮಾಡಿ, ಫೈಲ್ ಹೊಸದಾಗಿ ಇಳಿಸಿ. ಒಂದೊಂದು ಸಲ ಒಂದೊಂದು ಕಡೆ ನಿಲ್ಲುತ್ತಿದ್ದರೆ ಫೈಲ್ ಮೇಲೆ ಅನುಮಾನ ಬೇಡ, ಪೆನ್‌ಡ್ರೈವ್, ಸಡಿಲವಾದ ಪೋರ್ಟ್, ಬಿಸಿ, ಬ್ಯಾಟರಿ ಕಡೆ ನೋಡಿ. ಈ ಒಂದು ವ್ಯತ್ಯಾಸ ಗೊತ್ತಿದ್ದರೆ ಅರ್ಧ ಅಲೆದಾಟ ಉಳಿಯುತ್ತದೆ. ಎರಡೂ ಸಂದರ್ಭದಲ್ಲಿ ಬಾರ್ ಅಲುಗಾಡುತ್ತಿಲ್ಲ ಅಂತ ಐದು ನಿಮಿಷಕ್ಕೇ ಎಳೆದುಬಿಡಬೇಡಿ. ದೊಡ್ಡ ಫೈಲ್ ಬರೆಯುವಾಗ ಒಂದೇ ಅಂಕಿ ಬಹಳ ಹೊತ್ತು ಕಾಣಿಸುತ್ತದೆ. ಅರ್ಧ ಗಂಟೆ ಕಾದರೂ ಬದಲಾಗದಿದ್ದರೆ ಮಾತ್ರ ಎಂಜಿನ್ ಆಫ್ ಮಾಡಿ, ಬಾಗಿಲು ತೆರೆದು ಮುಚ್ಚಿ, ಲಾಕ್ ಮಾಡಿ, ಸ್ವಲ್ಪ ಹೊತ್ತು ಬಿಟ್ಟು ಅದೇ ಪೆನ್‌ಡ್ರೈವ್ ಇಟ್ಟುಕೊಂಡೇ ಮತ್ತೆ ಚಾಲೂ ಮಾಡಿ. ಕೆಲವು ಯೂನಿಟ್‌ಗಳು ಬಿಟ್ಟಲ್ಲಿಂದಲೇ ಮುಂದುವರಿಸುತ್ತವೆ.

ಲೋಗೋ ಬಂದು, ಆಫ್ ಆಗಿ, ಮತ್ತೆ ಲೋಗೋ ಬಂದು ಹೀಗೇ ಸುತ್ತುತ್ತಿದ್ದರೆ ರೀಸೆಟ್ ಮಾಡಿ. ಹ್ಯುಂಡೈ, ಕಿಯಾದ ಹಲವು ಯೂನಿಟ್‌ಗಳಲ್ಲಿ ಸೂಜಿ ತೂರುವಷ್ಟು ಸಣ್ಣ ರಂಧ್ರ ಇದೆ, ಸಿಮ್ ತೆಗೆಯುವ ಪಿನ್‌ನಿಂದ ಒತ್ತಬಹುದು. ಬೇರೆ ಕೆಲವದರಲ್ಲಿ ಪವರ್ ಬಟನ್ ಒತ್ತಿ ಹಿಡಿದರೆ ಆಗುತ್ತದೆ. ಮ್ಯಾನುಯಲ್ ನೋಡಿ. ಬ್ಯಾಟರಿ ಟರ್ಮಿನಲ್ ಬಿಚ್ಚುವ ಸಲಹೆ ಯಾರಾದರೂ ಕೊಟ್ಟರೆ ಅದನ್ನು ಮೆಕ್ಯಾನಿಕ್ ಕೈಯಲ್ಲಿ ಮಾಡಿಸಿ. ಅದರಿಂದ ಪವರ್ ವಿಂಡೋ, ಗಡಿಯಾರದ ಸೆಟ್ಟಿಂಗ್ ಹೋಗಬಹುದು, ಕೆಲವು ರೇಡಿಯೋಗಳು ಕೋಡ್ ಕೇಳುತ್ತವೆ.

ಎಸ್‌ಡಿ ಕಾರ್ಡ್ ಇರುವವರಿಗೆ ಎರಡು ಮಾತು

ಪಕ್ಕದ ಸಣ್ಣ ಲಾಕ್ ಗುಂಡಿ ಜಾರಿ ಕೆಳಗೆ ಹೋಗಿದ್ದರೆ ಕಾರ್ಡ್‌ಗೆ ಬರೆಯಲು ಆಗುವುದಿಲ್ಲ, ಮೊದಲು ಅದನ್ನು ನೋಡಿ. ಮ್ಯಾಪ್ ಕಾರ್ಡ್ ಫಾರ್ಮ್ಯಾಟ್ ಮಾಡಲೇಬೇಡಿ. ಅದರ ಫೈಲ್‌ಗಳನ್ನು ಹೊಸ, ದೊಡ್ಡ ಕಾರ್ಡ್‌ಗೆ ಕಾಪಿ ಮಾಡಿದರೆ ಕೆಲಸ ಮಾಡುತ್ತದೆ ಅನ್ನುವ ಆಸೆಯೂ ಬೇಡ. ಪ್ರತಿ ಎಸ್‌ಡಿ ಕಾರ್ಡ್‌ಗೂ ಕಾರ್ಖಾನೆಯಲ್ಲೇ ಬರೆದ ಗುರುತಿನ ಸಂಖ್ಯೆ ಇರುತ್ತದೆ. ಎಷ್ಟೋ ಮ್ಯಾಪ್ ಲೈಸೆನ್ಸ್‌ಗಳು ಆ ಸಂಖ್ಯೆಗೇ ಕಟ್ಟಿರುತ್ತವೆ, ಫೈಲ್ ಕಾಪಿ ಮಾಡಿದರೂ ಸಂಖ್ಯೆ ಕಾಪಿ ಆಗುವುದಿಲ್ಲ. ಹಾಗಿದ್ದರೂ ಮೂಲ ಕಾರ್ಡ್‌ನ ಒಂದು ಬ್ಯಾಕಪ್ ಕಂಪ್ಯೂಟರ್‌ನಲ್ಲಿ ಇಟ್ಟುಕೊಳ್ಳಿ, ಅದೇ ಕಾರ್ಡ್‌ಗೆ ವಾಪಸ್ ಹಾಕುವ ಸಂದರ್ಭ ಬರಬಹುದು.

ನ್ಯೂಜಿಲೆಂಡ್‌ನಲ್ಲೋ ಪೂರ್ವ ಆಫ್ರಿಕಾದಲ್ಲೋ ಇರುವ ನಮ್ಮವರು ಜಪಾನಿನಿಂದ ಬಂದ ಸೆಕೆಂಡ್ ಹ್ಯಾಂಡ್ ಕಾರು ತಗೊಳ್ಳುವುದು ಜಾಸ್ತಿ. ಅದರ ಮ್ಯಾಪ್ ಜಪಾನಿನದ್ದು, ಅಪ್‌ಡೇಟ್ ಮಾಡಿದರೂ ನಿಮ್ಮ ಊರು ಅದರಲ್ಲಿ ಬರುವುದಿಲ್ಲ. ಕೆಲವು ಯೂನಿಟ್‌ಗಳಂತೂ ಬ್ಯಾಟರಿ ಬದಲಾಯಿಸಿದ ಮೇಲೆ ಮೂಲ ಮ್ಯಾಪ್ ಎಸ್‌ಡಿ ಕಾರ್ಡ್ ಕೊಡು ಅಂತ ಕೂರುತ್ತವೆ, ರೇಡಿಯೋ ಕೂಡ ಬರುವುದಿಲ್ಲ. ಕಾರು ಕೊಳ್ಳುವಾಗಲೇ ಆ ಕಾರ್ಡ್ ಇದೆಯಾ ಕೇಳಿ.

ಗಾಳಿಯಲ್ಲೇ ಬರುವ ಅಪ್‌ಡೇಟ್

ಕಾರಿನಲ್ಲೇ ಸಿಮ್ ಇರುವ ಮಾದರಿಗಳಲ್ಲಿ ಅಪ್‌ಡೇಟ್ ತಾನೇ ಇಳಿಯುತ್ತದೆ. ಬರುತ್ತಿಲ್ಲ ಅಂದರೆ ಮೊದಲು ಚಂದಾ ಮುಗಿದಿದೆಯಾ ನೋಡಿ, ಆರಂಭದ ಉಚಿತ ವರ್ಷಗಳು ಕಳೆದ ಮೇಲೆ ದುಡ್ಡು ಕಟ್ಟಿ ಮುಂದುವರಿಸಬೇಕು. ಎರಡನೆಯದು, ದಿನಾ ಬೇಸ್‌ಮೆಂಟ್‌ನಲ್ಲಿ ನಿಲ್ಲಿಸುವ ಕಾರಿಗೆ ನೆಟ್‌ವರ್ಕ್ ಸಿಗುವುದೇ ಇಲ್ಲ. ಒಂದು ಭಾನುವಾರ ಬಯಲಲ್ಲಿ ನಿಲ್ಲಿಸಿ ನೋಡಿ.

ಆದ ಮೇಲೆ ಬರುವ ತೊಂದರೆಗಳು

ಕಾರು ಎಲ್ಲಿದೆ ಅಂತಲೇ ತೋರಿಸದಿದ್ದರೆ ಹೆದರಬೇಡಿ. ಮರ, ಕಟ್ಟಡ ಇಲ್ಲದ ಕಡೆ ನಿಲ್ಲಿಸಿ ಕಾಲು ಗಂಟೆ ಬಿಡಿ. ಜಿಪಿಎಸ್ ಉಪಗ್ರಹ ತನ್ನ ಪೂರ್ತಿ ಸಂದೇಶ ಕಳಿಸಲು 12.5 ನಿಮಿಷ ಬೇಕು, ನೆನಪು ಅಳಿಸಿಹೋದ ಯೂನಿಟ್ ಅದನ್ನು ಮತ್ತೆ ಕೇಳಿಸಿಕೊಳ್ಳಬೇಕು. ಆಮೇಲೂ ಬರದಿದ್ದರೆ ಆಂಟೆನಾ ನೋಡಿಸಿ.

ದಿನಾಂಕ ಸುಮಾರು 20 ವರ್ಷ ಹಿಂದಕ್ಕೆ ಹೋಗಿದ್ದರೆ ಅದು ನಿಮ್ಮ ಅಪ್‌ಡೇಟ್‌ನಿಂದ ಆಗಿರಲಿಕ್ಕಿಲ್ಲ. ಜಿಪಿಎಸ್ ವಾರಗಳನ್ನು 1024ರವರೆಗೆ ಎಣಿಸಿ ಮತ್ತೆ ಸೊನ್ನೆಗೆ ಬರುತ್ತದೆ. 1999ರ ಆಗಸ್ಟ್‌ನಲ್ಲಿ, 2019ರ ಏಪ್ರಿಲ್‌ನಲ್ಲಿ ಹೀಗೆ ಆಗಿದೆ. ಸಾಫ್ಟ್‌ವೇರ್ ಇದನ್ನು ಸರಿಯಾಗಿ ಲೆಕ್ಕ ಹಾಕದಿದ್ದರೆ ತಾರೀಖು ತಪ್ಪುತ್ತದೆ. 2022ರ ಜನವರಿಯಲ್ಲಿ ಅಮೆರಿಕದಲ್ಲಿ ಹಳೆಯ ಹೋಂಡಾ ಕಾರುಗಳ ಗಡಿಯಾರ 2002 ತೋರಿಸಿದ್ದು ಸುದ್ದಿಯಾಗಿತ್ತು. ತಯಾರಕರ ಸಾಫ್ಟ್‌ವೇರ್ ಅಪ್‌ಡೇಟ್ ಬಿಟ್ಟು ನೀವು ಮಾಡುವಂಥದ್ದು ಏನೂ ಇಲ್ಲ.

ಊರು ಹುಡುಕಿದರೆ ಸಿಗುತ್ತಿಲ್ಲವಾ? ನಮ್ಮ 12 ಊರುಗಳ ಇಂಗ್ಲಿಷ್ ಕಾಗುಣಿತ 2014ರ ನವೆಂಬರ್ 1ಕ್ಕೆ ಬದಲಾಯಿತು. ಹಳೆಯ ಮ್ಯಾಪ್‌ನಲ್ಲಿ ವಿಜಯಪುರ ಅಂತ ಹುಡುಕಿದರೆ ಸಿಗದು, ಬಿಜಾಪುರ ಅಂತ ಹಾಕಿದರೆ ಛತ್ತೀಸ್‌ಗಢದ ಬಿಜಾಪುರವೂ ಬರುತ್ತದೆ. ರಾಜ್ಯ ಕರ್ನಾಟಕ ಅಂತ ಮೊದಲು ಆರಿಸಿಕೊಳ್ಳಿ. ಹಂಪಿ, ಹೊಸಪೇಟೆ ಹುಡುಕುವಾಗ ಜಿಲ್ಲೆ ಕೇಳಿದರೆ ಹಳೆಯ ಮ್ಯಾಪ್‌ನಲ್ಲಿ ಬಳ್ಳಾರಿ ಕೊಡಿ. ವಿಜಯನಗರ ಜಿಲ್ಲೆ ಆಗಿದ್ದು 2021ರಲ್ಲಿ.

ಸರ್ವಿಸ್ ಸೆಂಟರ್‌ಗೆ ಹೋಗಲೇಬೇಕಾದರೆ

ಸ್ಕ್ರೀನ್ ಪೂರ್ತಿ ಕಪ್ಪಾಗಿದ್ದರೆ, ರೀಸೆಟ್‌ಗೂ ಬಗ್ಗದಿದ್ದರೆ, ಕ್ಯಾಮೆರಾ ಅಥವಾ ಎಸಿ ನಿಯಂತ್ರಣ ಕೆಲಸ ಮಾಡದಿದ್ದರೆ ಇನ್ನೂ ಪ್ರಯೋಗ ಬೇಡ. ಅಪ್‌ಡೇಟ್‌ಗೆ ಮುಂಚಿನ ವರ್ಷನ್ ಫೋಟೋ, ತಪ್ಪು ಸಂದೇಶದ ಫೋಟೋ, ಆ ಪೆನ್‌ಡ್ರೈವ್ ಮೂರೂ ತಗೊಂಡು ಹೋಗಿ. ಜಾಬ್ ಕಾರ್ಡ್‌ನಲ್ಲಿ "ನ್ಯಾವಿಗೇಷನ್ ಸಮಸ್ಯೆ" ಅಂತ ಒಂದೇ ಸಾಲು ಬರೆಯಲು ಬಿಡಬೇಡಿ. ಅಧಿಕೃತ ಫೈಲ್ ಹಾಕುವಾಗ ಇಷ್ಟು ಶೇಕಡಾದಲ್ಲಿ ಈ ಸಂದೇಶ ಬಂದು ನಿಂತಿತು ಅಂತ ಪೂರ್ತಿ ಬರೆಸಿ, ಪ್ರತಿ ಇಟ್ಟುಕೊಳ್ಳಿ. ವಾರಂಟಿಯ ಮಾತು ಬಂದಾಗ ಆ ಸಾಲೇ ನಿಮ್ಮ ಪರ ನಿಲ್ಲುವುದು. ಗಾಡಿ ವಾಪಸ್ ತಗೊಳ್ಳುವಾಗ ಅಲ್ಲೇ ಕೂತು ವರ್ಷನ್ ಪುಟ ತೆರೆಸಿ, ಮ್ಯಾಪ್ ಸಂಖ್ಯೆ ಬದಲಾಗಿದೆಯಾ ನೋಡಿ, ಒಂದು ಹೊಸ ರಸ್ತೆ ಹುಡುಕಿ. ಪೆನ್‌ಡ್ರೈವ್‌ನ ಫೈಲ್‌ಗಳನ್ನು ಆವತ್ತೇ ಅಳಿಸಬೇಡಿ, ಒಂದೆರಡು ದೂರದ ಪ್ರಯಾಣ ಮುಗಿದು ಎಲ್ಲ ಸರಿ ಇದೆ ಅನಿಸಿದ ಮೇಲೆ ಅಳಿಸಿ.